ನಡೆದೇ ಗೆದ್ದ ಹೆಣ್ಣುಮಗಳು



ಓಟದ ಸ್ಪರ್ಧೆ ನಮಗೆಲ್ಲ ಗೊತ್ತು. ಜಿಗಿತದ ಸ್ಪರ್ಧೆಯೂ ಗೊತ್ತು. ಆದರೆ ನಡೆಯುವುದರಲ್ಲೂ ಒಂದು ಸ್ಪರ್ಧೆ ಇದೆ, ಅದರಲ್ಲಿ ಗೆದ್ದವರಿಗೆ ಒಲಿಂಪಿಕ್ಸ್ ಪದಕ ಕೊಡುತ್ತಾರೆ ಎಂದರೆ ನಿಮ್ಮಲ್ಲಿ ಕೆಲವರಿಗಾದರೂ ನಗು ಬರಬಹುದು. "ನಡೆದದ್ದಕ್ಕೆಲ್ಲ ಪದಕ ಕೊಡುವುದಾದರೆ ನಮ್ಮ ಮನೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಇರುತ್ತಿರಲಿಲ್ಲ. ಬೆಳಗ್ಗೆ ಹಾಲಿಗೆ, ಮಧ್ಯಾಹ್ನ ರೇಷನ್ ಅಂಗಡಿಗೆ, ಸಂಜೆ ಮಕ್ಕಳನ್ನು ಮದ್ರಸಕ್ಕೆ ಬಿಡುವುದಕ್ಕೆ, ನಡೆದದ್ದೇ ನಡೆದದ್ದು" ಎಂದು ನೀವು ಹೇಳಬಹುದು. ನಿಮ್ಮ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಈ ಸಲ ನಡಿಗೆಯನ್ನೇ ಬದುಕಿನ ಕೆಲಸವನ್ನಾಗಿ ಮಾಡಿಕೊಂಡ ಇಬ್ಬರು ಜಪಾನೀ ಹೆಣ್ಣುಮಕ್ಕಳ ಕಥೆಯನ್ನು ನಿಮ್ಮ ಮುಂದಿಡಬೇಕೆನಿಸಿದೆ. ನಮ್ಮ ಮನೆಯ ಹೆಣ್ಣುಮಕ್ಕಳ ಬಗ್ಗೆ ಯೋಚಿಸಲು ಆ ಕಥೆಯಲ್ಲಿ ಸಾಕಷ್ಟು ವಿಷಯವಿದೆ.

2025ರ ಸೆಪ್ಟೆಂಬರ್ 20ರಂದು ಜಪಾನಿನ ರಾಜಧಾನಿ ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ ಮಹಿಳೆಯರ 20 ಕಿಲೋಮೀಟರ್ ನಡಿಗೆ ಸ್ಪರ್ಧೆ ಏರ್ಪಟ್ಟಿತ್ತು. ಸ್ಪೇನಿನ ಮರಿಯಾ ಪೆರೆಸ್ 1 ಗಂಟೆ 25 ನಿಮಿಷ 54 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಹನ್ನೆರಡು ಸೆಕೆಂಡುಗಳ ನಂತರ ಮೆಕ್ಸಿಕೊದ ಅಲೆಗ್ನಾ ಗೊನ್ಸಾಲೆಸ್ ಬಂದರು. ಅದಾಗಿ ಇನ್ನೂ ಹನ್ನೆರಡು ಸೆಕೆಂಡುಗಳಿಗೆ ಬಂದವಳು ಜಪಾನಿನದೇ ಹುಡುಗಿ, 26 ವರ್ಷದ ನನಾಕೊ ಫುಜೀ. ಆಕೆಯ ಸಮಯ 1 ಗಂಟೆ 26 ನಿಮಿಷ 18 ಸೆಕೆಂಡು. ನಾಲ್ಕನೆಯವರಾಗಿ ಬಂದ ಈಕ್ವೆಡಾರ್ ದೇಶದ ಪೌಲಾ ಟೊರೆಸ್ ಅವರ ಸಮಯವೂ ಅಷ್ಟೇ! ಒಂದು ಸೆಕೆಂಡಿನೊಳಗಿನ ಅಂತರದಲ್ಲಿ ಕಂಚಿನ ಪದಕ ಒಬ್ಬಳ ಕೊರಳಿಗೆ ಬಿತ್ತು, ಇನ್ನೊಬ್ಬಳ ಕೈ ತಪ್ಪಿತು. ಒಲಿಂಪಿಕ್ಸ್ ಇರಲಿ, ವಿಶ್ವ ಚಾಂಪಿಯನ್‌ಶಿಪ್ ಇರಲಿ, ಜಪಾನಿನ ಮಹಿಳೆಯೊಬ್ಬಳು ನಡಿಗೆಯಲ್ಲಿ ಪದಕ ಗೆದ್ದದ್ದು ಅದೇ ಮೊದಲು.

ಓಡಬಾರದು, ನಡೆಯಬೇಕು

20 ಕಿಲೋಮೀಟರ್ ಎಂದರೆ ಎಷ್ಟು ದೂರ, 86 ನಿಮಿಷ ಎಂದರೆ ಎಷ್ಟು ವೇಗ ಎಂಬುದು ಬರೀ ಅಂಕಿಗಳಿಂದ ತಿಳಿಯುವುದಿಲ್ಲ. ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಚಂದ್ರಗಿರಿ ಬೆಟ್ಟದ ಹಿಂದಿರುವ ಜಿನನಾಥಪುರದಿಂದ ಶ್ರವಣಬೆಳಗೊಳಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ನಮ್ಮ ಮಕ್ಕಳು ಮಾತಾಡುತ್ತಾ, ಕಲ್ಲು ಒದೆಯುತ್ತಾ ಇಪ್ಪತ್ತು ನಿಮಿಷದಲ್ಲಿ ನಡೆದು ಹೋಗುತ್ತಾರೆ. ಫುಜೀ ಆ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸುತ್ತಾಳೆ. ಬೆಳಗೊಳದಿಂದ ತಾಲೂಕು ಕೇಂದ್ರವಾದ ಚನ್ನರಾಯಪಟ್ಟಣಕ್ಕೆ ಸುಮಾರು 13 ಕಿಲೋಮೀಟರ್. ನಾವು ಆ ದಾರಿಯಲ್ಲಿ ಬಸ್ಸಿಗಾಗಿ ಕಾಯುವುದರಲ್ಲೇ ಅರ್ಧ ಗಂಟೆ ಕಳೆಯುವುದುಂಟು. ಟೋಕಿಯೊದಲ್ಲಿ ನಡೆದ ವೇಗದಲ್ಲೇ ಹೊರಟರೆ ಆಕೆ ಒಂದು ಗಂಟೆಯೊಳಗೆ ಚನ್ನರಾಯಪಟ್ಟಣ ತಲುಪಿ, ಅಲ್ಲಿಂದ ತಿರುಗಿ ಅರ್ಧ ದಾರಿ ವಾಪಸು ಬಂದಾಗ ಆಕೆಯ ಸ್ಪರ್ಧೆ ಮುಗಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಓಡಿದರೂ ಆಕೆಯ ಜೊತೆ ಒಂದು ಫರ್ಲಾಂಗ್ ಹೋಗಲಾರೆವು.

ಹಾಗಾದರೆ ಇದು ನಡಿಗೆ ಹೇಗಾಯಿತು, ಓಟವಲ್ಲವೇ ಎಂದು ಕೇಳುವಿರಿ. ಇದಕ್ಕೆ ಎರಡು ನಿಯಮಗಳಿವೆ. ಮೊದಲನೆಯದು, ನೋಡುವವರ ಕಣ್ಣಿಗೆ ಕಾಣುವಂತೆ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು. ಓಡುವಾಗ ಎರಡೂ ಪಾದಗಳು ಕ್ಷಣಕಾಲ ಗಾಳಿಯಲ್ಲಿರುತ್ತವೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಎರಡನೆಯದು, ಮುಂದಿಟ್ಟ ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ದೇಹ ಅದರ ಮೇಲೆ ನೇರವಾಗಿ ಬರುವವರೆಗೆ ಮಂಡಿ ಬಾಗಿರಬಾರದು. ಈ ಎರಡು ನಿಯಮಗಳನ್ನು ಪಾಲಿಸುತ್ತಾ ವೇಗವಾಗಿ ಹೋಗಬೇಕಾದರೆ ಸೊಂಟವನ್ನು ಮುಂದೆ ಹಿಂದೆ ತಿರುಗಿಸಿಕೊಂಡು ನಡೆಯಬೇಕಾಗುತ್ತದೆ. ನೋಡುವವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಲೋಕದ ಎಲ್ಲೆಡೆಯೂ ಈ ಸ್ಪರ್ಧಿಗಳನ್ನು ಕಂಡು ನಗುವವರು ಇದ್ದೇ ಇದ್ದಾರೆ.

ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ತಪ್ಪಿನ ಸೂಚನೆ ಕಂಡರೆ ಮೊದಲು ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ತಪ್ಪು ಖಚಿತವಾದರೆ ಕೆಂಪು ಕಾರ್ಡ್ ಬರೆಯುತ್ತಾರೆ. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಕೆಂಪು ಕಾರ್ಡ್ ಬಂದರೆ 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಎರಡು ನಿಮಿಷ ದಂಡದ ಜಾಗದಲ್ಲಿ ನಿಲ್ಲಬೇಕು. ನಾಲ್ಕನೆಯದು ಬಂದರೆ ಸ್ಪರ್ಧೆಯಿಂದಲೇ ಹೊರಗೆ. ಇದರಲ್ಲಿ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ. ಜಪಾನಿನ ತೊಶಿಕಾಜು ಯಮನಿಶಿ 2019 ಮತ್ತು 2022ರ ವಿಶ್ವ ಚಾಂಪಿಯನ್. 2025ರ ಫೆಬ್ರವರಿಯಲ್ಲಿ ವಿಶ್ವದಾಖಲೆಯನ್ನೂ ಬರೆದವರು. ಫುಜೀ ಪದಕ ಗೆದ್ದ ದಿನವೇ ಅದೇ ಟೋಕಿಯೊದಲ್ಲಿ, ತಮ್ಮದೇ ದೇಶದ ಜನರ ಮುಂದೆ, ಅವರೂ ದಂಡದ ಜಾಗದಲ್ಲಿ ಎರಡು ನಿಮಿಷ ನಿಂತರು. ಉಳಿದವರು ಅವರ ಕಣ್ಣೆದುರೇ ದಾಟಿ ಹೋದರು.

ಯೋಚಿಸಿ ನೋಡಿ. ಓಡುವ ಶಕ್ತಿ ಕಾಲಿನಲ್ಲಿದೆ. ಎದುರಾಳಿ ಒಂದು ಹೆಜ್ಜೆ ಹಿಂದಿದ್ದಾಳೆ. ಎರಡು ಹೆಜ್ಜೆ ಓಡಿದರೆ ಪದಕ ಉಳಿಯುತ್ತದೆ. ಆದರೆ ಓಡುವಂತಿಲ್ಲ. ಆ ಕೊನೆಯ ನೂರು ಮೀಟರಿನಲ್ಲಿ ಫುಜೀ ತನ್ನ ಕಾಲುಗಳನ್ನು ಹಿಡಿತದಲ್ಲಿಟ್ಟುಕೊಂಡೇ ಗೆಲ್ಲಬೇಕಿತ್ತು. ಇಂತಹ ಶಿಸ್ತು ಒಂದು ದಿನದಲ್ಲಿ ಬರುವಂಥದ್ದಲ್ಲ.

ಅಕ್ಕ ಹಾಕಿದ ದಾರಿ

ಫುಜೀಯ ಕಥೆ ಹೇಳುವ ಮೊದಲು ಆಕೆಗಿಂತ ಏಳೂವರೆ ವರ್ಷ ದೊಡ್ಡವರಾದ ಕುಮಿಕೊ ಒಕಾಡ ಅವರ ಬಗ್ಗೆ ಹೇಳಬೇಕು. ಒಕಾಡ 1991ರಲ್ಲಿ ಸೈತಾಮಾ ಪ್ರಾಂತ್ಯದಲ್ಲಿ ಹುಟ್ಟಿದವರು. 2010ರಲ್ಲಿ ಕೆನಡಾದ ಮಾಂಕ್ಟನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್‌ನ 10,000 ಮೀಟರ್ ನಡಿಗೆಯಲ್ಲಿ ಕಂಚು ಗೆದ್ದಾಗ ಅವರಿಗೆ 18 ವರ್ಷ. ಆಮೇಲೆ ರಿಕ್ಯೊ ವಿಶ್ವವಿದ್ಯಾಲಯದಲ್ಲಿ ಓದಿದರು. ಓದು ಬಿಡಲಿಲ್ಲ, ನಡಿಗೆಯನ್ನೂ ಬಿಡಲಿಲ್ಲ. ಪ್ರತಿ ವರ್ಷ ಕೋಬೆ ನಗರದಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ 20 ಕಿಲೋಮೀಟರ್ ಸ್ಪರ್ಧೆಯನ್ನು 2015ರಿಂದ 2020ರವರೆಗೆ ಸತತ ಆರು ಬಾರಿ ಗೆದ್ದರು.

ದೇಶದೊಳಗೆ ಹೀಗೆ ಗೆಲ್ಲುತ್ತಿದ್ದ ಈ ಮಹಿಳೆ 2016ರ ರಿಯೊ ಒಲಿಂಪಿಕ್ಸಿನಲ್ಲಿ 16ನೆಯವರಾದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂತು. 2019ರ ಜೂನ್‌ನಲ್ಲಿ ಸ್ಪೇನಿನ ಲಾ ಕೊರೂನ್ಯಾದಲ್ಲಿ 1 ಗಂಟೆ 27 ನಿಮಿಷ 41 ಸೆಕೆಂಡುಗಳಲ್ಲಿ ನಡೆದು, ಮಸುಮಿ ಫುಚಿಸೆ 2009ರಲ್ಲಿ ಮಾಡಿದ್ದ ಜಪಾನಿನ ದಾಖಲೆಯನ್ನು ಮುರಿದರು. ಹತ್ತು ವರ್ಷ ಹಳೆಯ ಆ ದಾಖಲೆಯಿಂದ ಒಕಾಡ ಇಳಿಸಿದ್ದು ಎಷ್ಟು ಗೊತ್ತೇ? ಕೇವಲ 22 ಸೆಕೆಂಡು.

ಅದೇ 2019ರಲ್ಲಿ ಕತಾರ್‌ನ ದೋಹಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕೊಲ್ಲಿಯ ಸೆಕೆ ಎಂಥದ್ದೆಂದು ನಮ್ಮ ಅನೇಕ ಮನೆಗಳ ಗಂಡಸರಿಗೆ ಗೊತ್ತಿದೆ. ಬಿಸಿಲಿಗೆ ಹೆದರಿ ಮಹಿಳೆಯರ ನಡಿಗೆಯನ್ನು ರಾತ್ರಿ ಹನ್ನೊಂದೂವರೆಗೆ ಶುರು ಮಾಡಿದರು. ಆಗಲೂ ಬೆವರು ಇಳಿಯುವ ಸೆಕೆಯೇ ಇತ್ತು. ಚೀನಾದ ಮೂವರು ಮೊದಲ ಮೂರು ಸ್ಥಾನ ಪಡೆದರು. ಒಕಾಡ ಆರನೆಯವರಾಗಿ ಬಂದರು. ಅವರ ಹಿಂದೆಯೇ ಏಳನೆಯವಳಾಗಿ ಬಂದದ್ದು ಇಪ್ಪತ್ತು ವರ್ಷದ ಇನ್ನೊಬ್ಬ ಜಪಾನೀ ಹುಡುಗಿ. ಆಕೆಯೇ ನನಾಕೊ ಫುಜೀ.

ಫುಜೀ 1999ರ ಮೇ ತಿಂಗಳಲ್ಲಿ ಜಪಾನಿನ ದಕ್ಷಿಣ ಭಾಗದ ಫುಕುವೊಕಾ ಪ್ರಾಂತ್ಯದಲ್ಲಿ ಹುಟ್ಟಿದವಳು. ನಡಿಗೆಗೆ ಕಾಲಿಟ್ಟದ್ದು ಪ್ರೌಢಶಾಲೆಯಲ್ಲಿ. ಶಾಲೆ ಮುಗಿಯುತ್ತಲೇ 2018ರಲ್ಲಿ ಎಡಿಯನ್ ಎಂಬ ಕಂಪೆನಿಯ ತಂಡ ಸೇರಿದಳು. ಎಡಿಯನ್ ಎಂದರೆ ಟಿ.ವಿ., ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರುವ ಅಂಗಡಿಗಳ ದೊಡ್ಡ ಸಂಸ್ಥೆ. ಮುಂದಿನ ವರ್ಷವೇ ದೋಹಾದಲ್ಲಿ ಏಳನೇ ಸ್ಥಾನ. ಇನ್ನೇನು, ಮುಂದಿನ ಸಲ ಪದಕ ಖಂಡಿತ ಎಂದು ಯಾರಿಗಾದರೂ ಅನಿಸಿರಬಹುದು. ಆದರೆ ಬದುಕು ಹಾಗೆ ನೆಟ್ಟಗೆ ಸಾಗುವುದಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ನಡಿಗೆಯನ್ನು ಸೆಕೆಯ ಕಾರಣದಿಂದ ಉತ್ತರದ ಸಪ್ಪೊರೊ ನಗರಕ್ಕೆ ಸ್ಥಳಾಂತರಿಸಿದ್ದರು. ಅಲ್ಲಿ ಫುಜೀ 13ನೆಯವಳು, ಒಕಾಡ 15ನೆಯವರು. 2022ರಲ್ಲಿ ಅಮೆರಿಕದ ಯೂಜಿನ್‌ನಲ್ಲಿ ಫುಜೀಗೆ ಆರನೇ ಸ್ಥಾನ. ಪದಕವಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಸೇರಿ ಮ್ಯಾರಥಾನ್ ದೂರವನ್ನು ಸರದಿಯಲ್ಲಿ ನಡೆಯುವ ಹೊಸ ಸ್ಪರ್ಧೆ ಇತ್ತು. ಅದರಲ್ಲಿ 32 ವರ್ಷದ ಒಕಾಡ ತಮ್ಮ ಜೊತೆಗಾರ ಮಸತೊರ ಕವಾನೊ ಅವರೊಂದಿಗೆ ಎಂಟನೇ ಸ್ಥಾನ ಪಡೆದರು. ಮರುವರ್ಷ ಫೆಬ್ರವರಿಯಲ್ಲಿ ಕೋಬೆಯಲ್ಲಿ ಫುಜೀ 1 ಗಂಟೆ 26 ನಿಮಿಷ 33 ಸೆಕೆಂಡುಗಳಲ್ಲಿ ನಡೆದು ಒಕಾಡ ಅವರ ದಾಖಲೆಯನ್ನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಹಿಂದೆ ಹಾಕಿದಳು. ಏಳು ತಿಂಗಳ ನಂತರ ಟೋಕಿಯೊದಲ್ಲಿ ತನ್ನ ದಾಖಲೆಯನ್ನು ತಾನೇ ಮುರಿದು ಕಂಚು ಗೆದ್ದಳು. 2026ರಿಂದ ಈ ಸ್ಪರ್ಧೆಯ ದೂರವೇ ಬದಲಾಗಿದೆ. 20 ಕಿಲೋಮೀಟರ್ ಬದಲು 21 ಕಿಲೋಮೀಟರಿಗೆ ತುಸು ಹೆಚ್ಚಿರುವ ಅರ್ಧ ಮ್ಯಾರಥಾನ್ ನಡೆಯಬೇಕು. ಹಾಗಾಗಿ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ 20 ಕಿಲೋಮೀಟರ್ ನಡಿಗೆಯಲ್ಲಿ ಜಪಾನೀ ಮಹಿಳೆಯರಿಗೆ ಮೊದಲ ಪದಕ ಸಿಕ್ಕಂತಾಯಿತು.

ಏಳು, ಹದಿಮೂರು, ಆರು, ಆಮೇಲೆ ಮೂರು. ಸಹೋದರಿಯರೇ, ಈ ಅಂಕಿಗಳನ್ನು ಒಮ್ಮೆ ಸಾಲಾಗಿ ಓದಿ. ಏಳರಿಂದ ಹದಿಮೂರಕ್ಕೆ ಇಳಿದಾಗಲೇ ಮನೆಗೆ ಹೋಗಿದ್ದರೆ ಆ ಮೂರು ಎಂದಿಗೂ ಬರುತ್ತಿರಲಿಲ್ಲ. ದೋಹಾದಿಂದ ಟೋಕಿಯೊಗೆ ಆರು ವರ್ಷ ಹಿಡಿಯಿತು.

ಬೆನ್ನ ಹಿಂದಿನ ಕೈಗಳು

ಈ ಆರು ವರ್ಷಗಳನ್ನು ಫುಜೀ ಒಬ್ಬಳೇ ನಡೆದು ದಾಟಲಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ಜಪಾನಿನಲ್ಲಿ ಹೈಸ್ಕೂಲು ಮಕ್ಕಳ ರಾಷ್ಟ್ರೀಯ ಕ್ರೀಡಾಕೂಟದಲ್ಲೇ ಹುಡುಗಿಯರಿಗೆ 5,000 ಮೀಟರ್ ನಡಿಗೆ ಇದೆ. ಕೋಬೆಯಲ್ಲಿ, ಇಶಿಕಾವಾ ಪ್ರಾಂತ್ಯದ ನೊಮಿ ಎಂಬ ಸಣ್ಣ ಊರಿನಲ್ಲಿ ವರ್ಷ ವರ್ಷವೂ ನಡಿಗೆ ಕೂಟಗಳು ನಡೆಯುತ್ತವೆ. ರಸ್ತೆ ಮುಚ್ಚಿ, ಕಾಲಕಾಲಕ್ಕೆ ನೀರು ಕೊಟ್ಟು, ಊರಿನವರೇ ನಿಂತು ಚಪ್ಪಾಳೆ ತಟ್ಟುತ್ತಾರೆ. ಶಾಲೆ ಮುಗಿಸಿದ ಹುಡುಗಿಯನ್ನು ಒಂದು ಕಂಪೆನಿ ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತದೆ. ಸಂಬಳ, ತರಬೇತುದಾರ, ವೈದ್ಯರು ಎಲ್ಲವೂ ಇರುತ್ತವೆ. ಎಡಿಯನ್‌ನಂತೆಯೇ ಒಕಾಡ ಅವರಿಗೆ ಬಿಕ್ ಕ್ಯಾಮೆರಾ, ಆಮೇಲೆ ಫುಜಿತ್ಸು ಕಂಪೆನಿಗಳು ಬೆಂಬಲವಾಗಿ ನಿಂತವು. ಹುಡುಗಿ ಒಂದು ವರ್ಷ ಹದಿಮೂರನೆಯವಳಾದರೂ ಮರುವರ್ಷ ನಡೆಯುವುದಕ್ಕೆ ದಾರಿ ಇರುತ್ತದೆ.

ನಮ್ಮ ದೇಶದಲ್ಲಿ ಈ ಎಲ್ಲ ಕೈಗಳ ಕೆಲಸವನ್ನು ಅನೇಕ ಸಲ ಒಬ್ಬ ತಾಯಿಯ ಎರಡು ಕೈಗಳೇ ಮಾಡಬೇಕಾಗುತ್ತದೆ. ಪಂಜಾಬಿನ ಅಮೃತಸರದ ಬಳಿಯ ಹಳ್ಳಿಯ ಖುಷ್‌ಬೀರ್ ಕೌರ್ ಚಿಕ್ಕವಳಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ತಾಯಿ ಹಾಲು ಮಾರಿ, ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದರು. ಆ ಮಗಳು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 20 ಕಿಲೋಮೀಟರ್ ನಡಿಗೆಯಲ್ಲಿ ಬೆಳ್ಳಿ ಗೆದ್ದರು. ಏಷ್ಯನ್ ಕ್ರೀಡಾಕೂಟದ ನಡಿಗೆಯಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕವದು. ಮುಂದೆ ಪಂಜಾಬ್ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾದರು.

ಉತ್ತರ ಪ್ರದೇಶದ ಮುಝಫ್ಫರ್‌ನಗರ ಜಿಲ್ಲೆಯಲ್ಲಿ ಹುಟ್ಟಿದ ಪ್ರಿಯಾಂಕಾ ಗೋಸ್ವಾಮಿಯವರ ತಂದೆ ಬಸ್ ಕಂಡಕ್ಟರಾಗಿದ್ದವರು. ಮಗಳು ರೈಲ್ವೆಯಲ್ಲಿ ಕೆಲಸ ಹಿಡಿದು, 2021ರ ಫೆಬ್ರವರಿಯಲ್ಲಿ ರಾಂಚಿಯಲ್ಲಿ 1 ಗಂಟೆ 28 ನಿಮಿಷ 45 ಸೆಕೆಂಡುಗಳ ರಾಷ್ಟ್ರೀಯ ದಾಖಲೆ ಬರೆದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ನಡಿಗೆಯಲ್ಲಿ ಬೆಳ್ಳಿ ಗೆದ್ದರು. ರಾಜಸ್ಥಾನದ ಕಾಬ್ರಾ ಎಂಬ ಹಳ್ಳಿಯ ರೈತನ ಮಗಳು ಭಾವನಾ ಜಾಟ್, ಊರಿನವರ ಕಣ್ಣಿಗೆ ಬೀಳಬಾರದೆಂದು ನಸುಕಿನಲ್ಲೇ ಎದ್ದು ಅಭ್ಯಾಸ ಮಾಡುತ್ತಿದ್ದರಂತೆ. ಅವರೂ 2020ರಲ್ಲಿ ರಾಂಚಿಯಲ್ಲಿ ರಾಷ್ಟ್ರೀಯ ದಾಖಲೆ ಮಾಡಿ ಟೋಕಿಯೊ ಒಲಿಂಪಿಕ್ಸಿಗೆ ಹೋದರು.

ಹಾಲು ಮಾರುವ ತಾಯಿ, ಬಸ್ ಕಂಡಕ್ಟರ್ ತಂದೆ, ರೈತನ ಮನೆ. ಇವು ನಮಗೆ ಪರಿಚಯವಿಲ್ಲದ ಮನೆಗಳೇನಲ್ಲ. ನಮ್ಮ ನೆರೆಹೊರೆಯ ಮನೆಗಳೇ.

ಹೋಬಳಿಯಿಂದ ಮುಂದೆ ಹೋಗದ ಹುಡುಗಿ

ನಡಿಗೆ ಸ್ಪರ್ಧೆ ಎಲ್ಲೋ ಜಪಾನಿನಲ್ಲಿ, ಪಂಜಾಬಿನಲ್ಲಿ ಇರುವಂಥದ್ದು ಎಂದುಕೊಳ್ಳಬೇಡಿ. ನಮ್ಮ ಹೈಸ್ಕೂಲು ಮಕ್ಕಳ ಕ್ರೀಡಾಕೂಟದಲ್ಲೂ ಹುಡುಗಿಯರಿಗೆ 3,000 ಮೀಟರ್ ನಡಿಗೆ ಇದೆ. ಹೋಬಳಿ ಮಟ್ಟದಲ್ಲಿ ಗೆದ್ದರೆ ತಾಲೂಕು, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ ಹೀಗೆ ಮೆಟ್ಟಿಲುಗಳಿವೆ. ನೂರು ಮೀಟರ್ ಓಟಕ್ಕೆ ಹೆಸರು ಕೊಡಲು ಮಕ್ಕಳು ಮುಗಿಬೀಳುತ್ತಾರೆ. ನಡಿಗೆಗೆ ಮಾತ್ರ ನಾಲ್ಕೈದು ಮಂದಿ ಸಿಕ್ಕಿದರೆ ಹೆಚ್ಚು. ಸೊಂಟ ತಿರುಗಿಸಿಕೊಂಡು ನಡೆದರೆ ಗೆಳತಿಯರು ನಗುತ್ತಾರೆ ಎಂಬ ನಾಚಿಕೆ ಒಂದು ಕಡೆ, ಅದೊಂದು ಆಟವೇ ಎಂಬ ತಾತ್ಸಾರ ಇನ್ನೊಂದು ಕಡೆ.

ಕೆಲವು ವರ್ಷಗಳ ಹಿಂದೆ ನಾನು ಬಲ್ಲ ಒಬ್ಬ ಹುಡುಗಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ಹಳ್ಳಿಯಿಂದ ದಿನಾ ನಡೆದೇ ಶಾಲೆಗೆ ಬರುವವಳು. ಆಕೆಯ ನಡಿಗೆಯ ಬಿರುಸನ್ನು ಪಿ.ಟಿ. ಮೇಷ್ಟ್ರು ಗಮನಿಸಿ ಹೆಸರು ಬರೆಸಿದರು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿಕೊಂಡು ಹೋಬಳಿ ಕೂಟದಲ್ಲಿ ನಡೆದಳು. ಎರಡನೆಯವಳಿಗಿಂತ ಅರ್ಧ ಸುತ್ತು ಮುಂದಿದ್ದಳು! ಆ ದಿನ ಆಕೆಯ ಮುಖದಲ್ಲಿದ್ದ ಹೊಳಪನ್ನು ನೀವು ನೋಡಬೇಕಿತ್ತು.

ತಾಲೂಕು ಕೂಟಕ್ಕೆ ಆಕೆ ಹೋಗಲಿಲ್ಲ. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ತಂದೆಗೆ ಅಂದು ಸಂತೆಯ ವ್ಯಾಪಾರ ಬಿಡುವಂತಿರಲಿಲ್ಲ. ದಾದಿಗೆ, ಬೆಳೆದ ಹುಡುಗಿ ಊರೆಲ್ಲ ನೋಡುವಂತೆ ಮೈದಾನದಲ್ಲಿ ನಡೆಯುವುದು ಸರಿ ಕಾಣಲಿಲ್ಲ. ತಾಯಿ ಒಲೆಯ ಮುಂದೆ ಸುಮ್ಮನಿದ್ದರು. ಹುಡುಗಿಯೂ ಹಟ ಮಾಡಲಿಲ್ಲ. ಪ್ರಮಾಣಪತ್ರವನ್ನು ಪುಸ್ತಕದ ನಡುವೆ ಇಟ್ಟಳು, ಅಷ್ಟೇ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂಬ ಕಾರಣಕ್ಕೆ ಯಾರೂ ಕೇಳಲೂ ಇಲ್ಲ. ಬಹಳ ದಿನಗಳ ಮೇಲೆ ಒಂದು ಮದುವೆ ಮನೆಯಲ್ಲಿ ಆ ತಾಯಿ ಸಿಕ್ಕಿದಾಗ ಮಾತಿಗೆ ಮಾತು ಬಂತು. "ಆಪಾ, ನಾನೇ ಜೊತೆಗೆ ಹೋಗ್ತೀನಿ ಅಂತ ಅವತ್ತು ಒಂದು ಮಾತು ಅಂದಿದ್ರೆ ಆಗಿರೋದು. ಅವರು ಬೇಡ ಅನ್ನುತ್ತಿರಲಿಲ್ಲ. ನನಗೆ ಬಾಯಿಗೇ ಬರಲಿಲ್ಲ" ಎಂದರು.

ಆ ಹುಡುಗಿ ಮುಂದೆ ಒಲಿಂಪಿಕ್ಸಿಗೆ ಹೋಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ತಾಲೂಕಿನಲ್ಲಿ ಸೋಲಲೂಬಹುದಿತ್ತು. ಆದರೆ ಸೋಲುವ ಅವಕಾಶವಾದರೂ ಆಕೆಗೆ ಸಿಗಬೇಕಿತ್ತಲ್ಲವೇ? ಫುಜೀ ಹದಿಮೂರನೆಯವಳಾಗಿ ಸೋತಳು, ಆರನೆಯವಳಾಗಿ ಸೋತಳು, ಆಮೇಲೆ ಗೆದ್ದಳು. ನಮ್ಮ ಹುಡುಗಿಗೆ ಗೆದ್ದ ದಿನವೇ ದಾರಿ ಮುಗಿಯಿತು.

ಹೆತ್ತವರಿಗೆ ಇರುವ ಪ್ರಶ್ನೆಗಳು ಸುಳ್ಳಲ್ಲ. ಜೊತೆಗೆ ಶಿಕ್ಷಕಿ ಬರುತ್ತಾರೆಯೇ? ಯಾವ ಉಡುಪು ಹಾಕಬೇಕು? ಬಟ್ಟೆ ಬದಲಿಸಲು ಮರೆಯ ಜಾಗ ಇದೆಯೇ? ಕತ್ತಲಾಗುವ ಮೊದಲು ಮನೆ ಸೇರುತ್ತಾಳೆಯೇ? ಇವನ್ನೆಲ್ಲ ಕೇಳಲೇಬೇಕು. ಶಾಲೆಯವರು ಉತ್ತರ ಕೊಡಲೇಬೇಕು. ಆದರೆ ಕಳಿಸಬೇಕೆಂಬ ಮನಸ್ಸಿನಿಂದ ಕೇಳುವ ಪ್ರಶ್ನೆಗೂ, ಕಳಿಸದಿರಲು ನೆಪ ಹುಡುಕುವ ಪ್ರಶ್ನೆಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ದಾರಿ ಸಿಗುತ್ತದೆ. ತಾಯಿಯೋ, ಖಾಲಾನೋ, ಅಣ್ಣನೋ ಒಬ್ಬರು ಅರ್ಧ ದಿನ ಬಿಡುವು ಮಾಡಿಕೊಂಡು ಮೈದಾನದ ಬದಿಯಲ್ಲಿ ಕುಳಿತರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆಯೇ.

ತಾಯಂದಿರ ನಡಿಗೆ

ಇನ್ನೊಂದು ಮಾತು. ಮಗಳ ನಡಿಗೆಯನ್ನು ಕಂಡು ನಾಚಬಾರದು ಎನ್ನುವ ನಾವು ನಮ್ಮ ನಡಿಗೆಯ ಬಗ್ಗೆ ಏನು ಮಾಡುತ್ತಿದ್ದೇವೆ? ಮೂವತ್ತೈದು ದಾಟುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಬಿ.ಪಿ., ಮತ್ತೊಬ್ಬರಿಗೆ ಮಂಡಿ ನೋವು. ಡಾಕ್ಟರು ದಿನಾ ವಾಕಿಂಗ್ ಮಾಡಿ ಎನ್ನುತ್ತಾರೆ. "ಮನೆ ಕೆಲಸದಲ್ಲೇ ಅಷ್ಟು ಓಡಾಟ ಇದೆಯಲ್ಲ ಡಾಕ್ಟ್ರೇ" ಎಂದು ನಾವು ಮಾತ್ರೆಯ ಚೀಟಿ ಮಾತ್ರ ಹಿಡಿದು ಬರುತ್ತೇವೆ. ಮನೆ ಕೆಲಸ ದಣಿವು ತರುತ್ತದೆ, ನಿಜ. ಆದರೆ ಅಡುಗೆಮನೆಯಿಂದ ಅಂಗಳಕ್ಕೆ ಬಿಟ್ಟು ಬಿಟ್ಟು ಹತ್ತು ಹೆಜ್ಜೆ ಇಡುವುದಕ್ಕೂ, ಉಸಿರು ಸ್ವಲ್ಪ ಬಿರುಸಾಗುವಂತೆ ಅರ್ಧ ಗಂಟೆ ಒಂದೇ ಸಮನೆ ನಡೆಯುವುದಕ್ಕೂ ವ್ಯತ್ಯಾಸವಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ಚಟುವಟಿಕೆ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಎಂದರೆ ಲೆಕ್ಕ ಸರಿಹೋಯಿತು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಉಮ್ರಾಕ್ಕೋ ಹಜ್ಜಿಗೋ ಹೋಗಿ ಬಂದವರನ್ನು ಕೇಳಿ ನೋಡಿ. ಸಫಾ ಮರ್ವಾ ನಡುವೆ ಏಳು ಬಾರಿ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ತವಾಫ್ ಬೇರೆ, ವಸತಿಯಿಂದ ಹರಮಿಗೆ ಹೋಗಿ ಬರುವುದು ಬೇರೆ. ವರ್ಷಗಟ್ಟಲೆ ಹಣ ಕೂಡಿಟ್ಟು ಹೋದವರು ಅಲ್ಲಿ ಮಂಡಿ ಹಿಡಿದು ಕುಳಿತು ಕಣ್ಣೀರು ಹಾಕಿದ್ದನ್ನು ಹೇಳುತ್ತಾರೆ. ಹಣದ ತಯಾರಿ ಹತ್ತು ವರ್ಷ, ಕಾಲಿನ ತಯಾರಿ ಹತ್ತು ದಿನವೂ ಇಲ್ಲ ಎಂದರೆ ಹೇಗೆ? ಬೀಬಿ ಹಾಜಿರಾ ಮಗುವಿನ ನೀರಿಗಾಗಿ ಒಬ್ಬರೇ ಅಲೆದ ದಾರಿಯಲ್ಲಿ ಇಂದಿಗೂ ಲೋಕದ ಗಂಡಸರು ಹೆಂಗಸರೆಲ್ಲ ನಡೆಯುತ್ತಿದ್ದಾರೆ ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಫಜ್ರ್ ನಮಾಝ್ ಮುಗಿದ ಮೇಲಿನ ಅರ್ಧ ಗಂಟೆ ನಮಗೆ ದೇವರು ಕೊಟ್ಟ ಒಳ್ಳೆಯ ಸಮಯ. ಬೆಳಕು ಹರಿದಿರುತ್ತದೆ, ರಸ್ತೆಯಲ್ಲಿ ವಾಹನ ಕಡಿಮೆ, ಬೆಟ್ಟದ ಕಡೆಯಿಂದ ತಂಪು ಗಾಳಿ. ಒಬ್ಬರೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಅವರು ಮುಸ್ಲಿಮರಾಗಲಿ, ಗೌಡರ ಮನೆಯವರಾಗಲಿ, ಜೈನರಾಗಲಿ, ಮಂಡಿ ನೋವು ಎಲ್ಲರಿಗೂ ಒಂದೇ. ಚಪ್ಪಲಿ ಬಿಟ್ಟು ಹಗುರವಾದ ಕ್ಯಾನ್ವಾಸ್ ಶೂ ಹಾಕಿ. ಮೊದಲ ವಾರ ಹತ್ತೇ ನಿಮಿಷ ನಡೆಯಿರಿ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಎದೆ ನೋವು ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬುರ್ಖಾ ತೊಟ್ಟು ಬಿರುಸಾಗಿ ನಡೆಯುವ ಹೆಂಗಸರನ್ನು ಕಂಡು ಅಂಗಡಿ ಕಟ್ಟೆಯಲ್ಲಿ ಕುಳಿತವರು ಎರಡು ದಿನ ನೋಡುತ್ತಾರೆ, ಮೂರನೇ ದಿನ ಏನೋ ಅನ್ನುತ್ತಾರೆ, ಹತ್ತನೇ ದಿನಕ್ಕೆ ಅವರಿಗೂ ರೂಢಿಯಾಗುತ್ತದೆ.

ತಾಯಿ ನಡೆಯುವುದನ್ನು ನೋಡಿ ಬೆಳೆದ ಮಗಳಿಗೆ ಮೈದಾನದಲ್ಲಿ ನಡೆಯಲು ನಾಚಿಕೆ ಇರುವುದಿಲ್ಲ. ಅಂತಹ ತಾಯಿಗೆ, ತಾಲೂಕು ಕೂಟದ ದಿನ ಬಂದಾಗ, "ನಾನೂ ಜೊತೆಗೆ ಬರುತ್ತೇನೆ" ಎನ್ನುವ ಮಾತು ಬಾಯಿಗೆ ಬರುತ್ತದೆ.

ಈ ವರ್ಷ ಶಾಲೆಯ ಕ್ರೀಡಾಕೂಟದ ಸುದ್ದಿಯನ್ನು ಮಗಳು ಮನೆಗೆ ತಂದಾಗ ಅದನ್ನು ಪರೀಕ್ಷೆಯ ಅಂಕಪಟ್ಟಿಯಷ್ಟೇ ಗಮನವಿಟ್ಟು ಕೇಳಿ. ಯಾವ ಯಾವ ಆಟಗಳಿವೆ, ನಡಿಗೆ ಇದೆಯೇ, ಯಾರ ಹೆಸರು ಕೊಟ್ಟಿದ್ದಾರೆ ಎಂದು ವಿಚಾರಿಸಿ. ಹೋಬಳಿಯಲ್ಲಿ ಗೆದ್ದರೆ ತಾಲೂಕಿನ ದಿನ ಯಾರು ಜೊತೆಗೆ ಹೋಗುವುದೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಸೋತು ಬಂದರೆ "ಸಾಕು ಬಿಡು" ಎನ್ನಬೇಡಿ. ಮುಂದಿನ ವರ್ಷದ ಕೂಟ ಯಾವ ತಿಂಗಳು ಎಂದು ಕೇಳಿ. ಹಬ್ಬಕ್ಕೆ ಮಗಳಿಗೆ ಬಟ್ಟೆ, ಬಳೆ ಕೊಳ್ಳುವಾಗ ಪಾದಕ್ಕೆ ಸರಿಯಾಗಿ ಹೊಂದುವ ಒಂದು ಜೊತೆ ಶೂವನ್ನೂ ಕೊಡಿಸಿ. ಆಗುವುದಾದರೆ ನಿಮಗೂ ಒಂದು ಜೊತೆ.